ಪಕ್ಕವಾದ್ಯದ ಘನತೆ: ಸ್ಟೀವ್ ಗ್ಯಾಡ್ ಅವರ ಡ್ರಮ್ಸ್ ವಾದನ

ಅಮೆರಿಕದ ಜನಪ್ರಿಯ ಸಂಗೀತದ ಚರಿತ್ರೆಯನ್ನು ಹಾಡುಗಾರರ ಮತ್ತು ಗೀತರಚನಕಾರರ ಹೆಸರುಗಳ ಮೂಲಕ ಬರೆಯುವುದು ರೂಢಿಯಾಗಿದೆ. ಆದರೆ ಆ ಹಾಡುಗಳು ಕೇಳುಗರ ಕಿವಿಯಲ್ಲಿ ನೆಲೆನಿಂತ ರೂಪವನ್ನು ಪಡೆದದ್ದು, ಕೂಲಿಯ ಲೆಕ್ಕದಲ್ಲಿ ಸ್ಟುಡಿಯೊಗೆ ಬಂದು, ಬೇರೆಯವರ ಕಲ್ಪನೆಗೆ ತಮ್ಮ ಕೈಚಳಕವನ್ನು ಒಪ್ಪಿಸಿ ಹೋದ ವಾದಕರಿಂದ. ಅಂಥವರ ಸಾಲಿನಲ್ಲಿ ಸ್ಟೀವ್ ಗ್ಯಾಡ್ ಅವರಷ್ಟು ವಿಸ್ತಾರವಾದ ಕ್ಷೇತ್ರದಲ್ಲಿ ದುಡಿದವರು ವಿರಳ. ಪಾಲ್ ಸೈಮನ್ ಅವರ ಆಪ್ತ ಧಾಟಿಯ ಹಾಡುಗಳು, ಸ್ಟೀಲಿ ಡ್ಯಾನ್ ತಂಡದ ಜಟಿಲ ರಚನೆಗಳು, ಚಿಕ್ ಕೊರಿಯಾ ಅವರ ಜಾಝ್, ವ್ಯಾನ್ ಮೆಕಾಯ್ ಅವರ ಡಿಸ್ಕೊ, ಎರಿಕ್ ಕ್ಲ್ಯಾಪ್ಟನ್ ಅವರ ಬ್ಲೂಸ್, ಕೇಟ್ ಬುಷ್ ಅವರ ಧ್ಯಾನಸ್ಥ ದೀರ್ಘಗೀತೆಗಳು ಇವೆಲ್ಲವುಗಳಲ್ಲೂ ಅವರ ವಾದನವಿದೆ. ಇಷ್ಟು ವೈವಿಧ್ಯವನ್ನು ಕಂಡವರು ಅವರನ್ನು ಯಾವ ಶೈಲಿಯನ್ನಾದರೂ ನುಡಿಸಬಲ್ಲ ಕಲಾವಿದರೆಂದು ಹೊಗಳುತ್ತಾರೆ. ಆ ಹೊಗಳಿಕೆ ನಿಜವಾದರೂ ಅವರ ಸಾಧನೆಯ ತಿರುಳನ್ನು ಅದು ಮುಟ್ಟುವುದಿಲ್ಲ. ಗ್ಯಾಡ್ ಅವರ ಬಹುಮುಖತೆ ಹಲವು ವೇಷಗಳನ್ನು ತೊಡುವ ಜಾಣ್ಮೆಯಲ್ಲ. ಚಿಕ್ಕಂದಿನಲ್ಲೇ ಮೈಗೂಡಿದ ಒಂದೇ ಒಂದು ಕೈಭಾಷೆಯನ್ನು ಎದುರಿಗಿರುವ ಹಾಡಿನ ಅಗತ್ಯಕ್ಕೆ ತಕ್ಕಂತೆ ಹಿಗ್ಗಿಸುವ, ಕುಗ್ಗಿಸುವ, ಕೆಲವೊಮ್ಮೆ ಪೂರ್ತಿಯಾಗಿ ತಡೆಹಿಡಿಯುವ ವಿವೇಕ ಅದು ಎಂಬುದನ್ನು ಅವರ ಮುಖ್ಯ ಧ್ವನಿಮುದ್ರಣಗಳ ಆಧಾರದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಯಾವುದೇ ಒಂದು ತಂಡದ ಕಾಯಂ ಸದಸ್ಯನಾಗಿರದೆ, ಗೊತ್ತುಪಡಿಸಿದ ಹೊತ್ತಿಗೆ ಸ್ಟುಡಿಯೊಗೆ ಬಂದು, ಕೊಟ್ಟ ಹಾಡಿಗೆ ನುಡಿಸಿ, ಗೊತ್ತಾದ ಸಂಭಾವನೆ ಪಡೆದು ಹೋಗುವ ವಾದಕನನ್ನು ಸೆಷನ್ ವಾದಕ ಎನ್ನುತ್ತಾರೆ. ಅಮೆರಿಕದ ವಾದಕರ ಸಂಘದ ನಿಯಮಗಳಲ್ಲಿ ಒಂದು ಸೆಷನ್ ಎಂದರೆ ಸಾಮಾನ್ಯವಾಗಿ ಮೂರು ಗಂಟೆಗಳ ಅವಧಿ. ಹಾಡು ಮುಂದೆ ಲಕ್ಷಗಟ್ಟಲೆ ಮಾರಾಟವಾದರೂ ಅದರ ರಾಯಧನ ಸಾಮಾನ್ಯವಾಗಿ ಹಾಡಿದವರಿಗೂ ಬರೆದವರಿಗೂ ಸಲ್ಲುತ್ತದೆಯೇ ಹೊರತು ನುಡಿಸಿದವರಿಗಲ್ಲ. 1960ರ ದಶಕದಲ್ಲಿ ಇವರ ಹೆಸರುಗಳನ್ನು ರೆಕಾರ್ಡಿನ ಹೊದಿಕೆಯ ಮೇಲೆ ಮುದ್ರಿಸುವ ಪದ್ಧತಿಯೂ ಅಪರೂಪವಾಗಿತ್ತು. ಲಾಸ್ ಏಂಜಲೀಸ್‌ನಲ್ಲಿ ಹಾಲ್ ಬ್ಲೇನ್ ಮತ್ತು ಅರ್ಲ್ ಪಾಮರ್ ಅಸಂಖ್ಯ ಜನಪ್ರಿಯ ಹಾಡುಗಳಿಗೆ ಡ್ರಮ್ಸ್ ನುಡಿಸಿದರೂ ಆ ಹಾಡುಗಳನ್ನು ಗುನುಗಿದವರಿಗೆ ಅವರು ಯಾರೆಂದು ತಿಳಿದಿರಲಿಲ್ಲ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ವಾದಕವೃಂದದ ಹೆಸರುಗಳು ಹೊದಿಕೆಯ ಮೇಲೆ ಕಾಣಿಸಿಕೊಳ್ಳಲು 1971ರವರೆಗೆ ಕಾಯಬೇಕಾಯಿತು. ಕನ್ನಡ ಚಿತ್ರಗೀತೆಗಳ ಸ್ಥಿತಿಯೂ ಬಹುಮಟ್ಟಿಗೆ ಇದೇ ಆಗಿತ್ತು. ದಶಕಗಳ ಕಾಲ ಮದರಾಸಿನ ಸ್ಟುಡಿಯೊಗಳಲ್ಲಿ ಧ್ವನಿಮುದ್ರಣಗೊಂಡ ಆ ಗೀತೆಗಳ ಕ್ಯಾಸೆಟ್ಟುಗಳ ಮೇಲೆ ಗಾಯಕರು, ಸಂಗೀತ ನಿರ್ದೇಶಕರು, ಸಾಹಿತಿಗಳು ಇದ್ದರು. ತಬಲ, ಕೊಳಲು, ಡ್ರಮ್ಸ್ ನುಡಿಸಿದವರ ಹೆಸರು ಮಾತ್ರ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಗ್ಯಾಡ್ ನ್ಯೂಯಾರ್ಕಿಗೆ ಬಂದ 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಈ ಪದ್ಧತಿ ಬದಲಾಗುತ್ತಿತ್ತು. ವಾದಕರ ಹೆಸರನ್ನು ಓದಿ ರೆಕಾರ್ಡು ಕೊಳ್ಳುವ ಕೇಳುಗರ ಒಂದು ವರ್ಗ ಹುಟ್ಟಿಕೊಂಡಿತ್ತು. ಹೀಗಾಗಿ ಅವರ ಪ್ರತಿಭೆಗೆ ಹೆಸರೂ ದಕ್ಕಿತು.

ಸೆಷನ್ ವಾದನ ಮತ್ತು ಪ್ರವಾಸಿ ವಾದನ ಇವೆರಡೂ ಒಂದೇ ವೃತ್ತಿಯ ಎರಡು ಭಾಗಗಳಂತೆ ತೋರಿದರೂ ಅವು ವಾದಕನಿಂದ ಬಯಸುವ ಗುಣಗಳು ಬೇರೆಬೇರೆ. ಸ್ಟುಡಿಯೊದಲ್ಲಿ ಹಿಂದೆಂದೂ ಕೇಳಿರದ ಹಾಡಿನ ಸ್ವರಲಿಪಿಯನ್ನು ಮುಂದಿಟ್ಟುಕೊಂಡು, ಕೆಲವೇ ನಿಮಿಷಗಳಲ್ಲಿ ಅದರ ಸ್ವಭಾವವನ್ನು ಗ್ರಹಿಸಿ, ಮುಂದೆ ಎಂದೆಂದಿಗೂ ಹಾಗೆಯೇ ಉಳಿದುಬಿಡುವ ಒಂದು ನಡೆಯನ್ನು ಅಲ್ಲೇ ನಿರ್ಧರಿಸಬೇಕಾಗುತ್ತದೆ. ಪ್ರವಾಸದಲ್ಲಾದರೋ ಅದೇ ಹಾಡನ್ನು ಊರಿಂದೂರಿಗೆ, ರಾತ್ರಿಯಿಂದ ರಾತ್ರಿಗೆ, ಕೇಳುಗರ ನೆನಪಿನಲ್ಲಿರುವ ರೂಪ ಕೆಡದಂತೆ, ಆದರೆ ಹಳಸಲಾಗದಂತೆ ನುಡಿಸಬೇಕು. ಮೊದಲನೆಯದಕ್ಕೆ ತಟ್ಟನೆ ನಿರ್ಣಯಿಸುವ ಬುದ್ಧಿ ಬೇಕಾದರೆ ಎರಡನೆಯದಕ್ಕೆ ತಾಳ್ಮೆ, ದೇಹಬಲ ಮತ್ತು ಸಹವಾದಕರೊಂದಿಗೆ ಬಹುಕಾಲ ಹೊಂದಿಕೊಂಡಿರುವ ಸ್ವಭಾವ ಬೇಕು. ಹಲವರು ಒಂದರಲ್ಲಿ ಹೆಸರು ಮಾಡಿ ಇನ್ನೊಂದರಿಂದ ದೂರ ಉಳಿದಿದ್ದಾರೆ. ಗ್ಯಾಡ್ ಎರಡನ್ನೂ ಅರ್ಧ ಶತಮಾನಕ್ಕೂ ಮಿಕ್ಕಿ ಸಮಾನ ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದಾರೆ.

ಈ ಸಾಮರ್ಥ್ಯದ ಬೇರುಗಳು ಅವರ ಬಾಲ್ಯದಲ್ಲೇ ಇವೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರಕ್ಕೆ ಹೊಂದಿಕೊಂಡ ಇರೊಂಡಿಕ್ವಾಯ್ಟ್ ಎಂಬಲ್ಲಿ 1945ರ ಏಪ್ರಿಲ್ 9ರಂದು ಹುಟ್ಟಿದ ಗ್ಯಾಡ್, ಏಳನೆಯ ವಯಸ್ಸಿನಲ್ಲಿ ಬಂಧುವೊಬ್ಬರ ಒತ್ತಾಸೆಯಿಂದ ಡ್ರಮ್ಸ್ ಪಾಠ ಆರಂಭಿಸಿದರು. ಬೂಟಿನ ಅಟ್ಟೆಗೆ ಲೋಹದ ತುಣುಕು ಜೋಡಿಸಿ ಕಾಲಿನ ತಟ್ಟುಗಳಿಂದಲೇ ಲಯ ಹೊಮ್ಮಿಸುವ ಟ್ಯಾಪ್ ನೃತ್ಯವನ್ನೂ ಜೊತೆಜೊತೆಗೇ ಕಲಿತರು. ಹನ್ನೊಂದನೆಯ ವಯಸ್ಸಿನ ಹೊತ್ತಿಗೆ ಜಾಝ್ ತುತ್ತೂರಿವಾದಕ ಡಿಝಿ ಗಿಲೆಸ್ಪಿ ಅವರೊಂದಿಗೆ ವೇದಿಕೆಯಲ್ಲಿ ಕೂತು ನುಡಿಸುವ ಅವಕಾಶ ಅವರಿಗೆ ಒದಗಿತ್ತು. ಮುಂದೆ ಮ್ಯಾನ್‌ಹಟನ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲೂ ರಾಚೆಸ್ಟರಿನ ಈಸ್ಟ್‌ಮನ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲೂ ಶಾಸ್ತ್ರೀಯ ಶಿಕ್ಷಣ ಪಡೆದರು. ಹಗಲು ಗಾಳಿವಾದ್ಯಗಳ ವೃಂದದಲ್ಲಿ ಬರೆದದ್ದನ್ನು ಓದಿ ನುಡಿಸುವ ಶಿಸ್ತು, ರಾತ್ರಿ ಊರಿನ ಕ್ಲಬ್ಬುಗಳಲ್ಲಿ ಬರೆಯದೇ ಇರುವುದನ್ನು ಕೇಳಿಸಿಕೊಂಡು ನುಡಿಸುವ ಅಭ್ಯಾಸ ಹೀಗೆ ಅವರ ತರಬೇತಿ ಎರಡು ದಾರಿಗಳಲ್ಲಿ ಸಾಗಿತು. ಪದವಿಯ ನಂತರ ಕಡ್ಡಾಯ ಸೈನ್ಯಸೇವೆಗೆ ಸೇರಿ ಮೂರು ವರ್ಷ ಸೇನೆಯ ಸಂಗೀತ ತಂಡದಲ್ಲಿ ದುಡಿದರು.

ಗ್ಯಾಡ್ ಅವರ ಕೈಭಾಷೆ ಯಾವುದೆಂದು ತಿಳಿಯಲು ವಾದ್ಯದ ರಚನೆಯನ್ನು ತುಸು ವಿವರಿಸಬೇಕು. ಡ್ರಮ್ಸ್ ಎಂದು ಒಟ್ಟಾಗಿ ಕರೆಯುವ ವಾದ್ಯಸಮೂಹದಲ್ಲಿ ಬಲಗಾಲಿನ ಪೆಡಲ್ಲಿನಿಂದ ನುಡಿಸುವ ದಪ್ಪ ದನಿಯ ಬಾಸ್ ಡ್ರಮ್, ತಳದಲ್ಲಿ ತಂತಿಗಳನ್ನು ಬಿಗಿದಿರುವುದರಿಂದ ಚರಚರ ದನಿಗೊಡುವ ಸ್ನೇರ್ ಡ್ರಮ್, ಬೇರೆಬೇರೆ ಶ್ರುತಿಯ ಟಾಮ್‌ಗಳು, ಎಡಗಾಲಿನ ಒತ್ತಡದಿಂದ ತೆರೆದು ಮುಚ್ಚುವ ಎರಡು ಕಂಚಿನ ತಟ್ಟೆಗಳ ಹೈ-ಹ್ಯಾಟ್ ಮತ್ತು ಬಿಡಿ ಕಂಚಿನ ತಟ್ಟೆಗಳಾದ ಸಿಂಬಲ್‌ಗಳು ಇರುತ್ತವೆ. ಸೇನೆಯ ಕವಾಯತಿನ ಡೋಲು ಪರಂಪರೆಯಿಂದ ಬಂದ, ಎರಡು ಕೈಗಳ ಪೆಟ್ಟುಗಳನ್ನು ನಿರ್ದಿಷ್ಟ ಕ್ರಮದಲ್ಲಿ ಜೋಡಿಸುವ ಮೂಲಪಾಠಗಳಿಗೆ ರೂಡಿಮೆಂಟ್‌ಗಳೆಂದು ಹೆಸರು. ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ ಎಂಬ ಕ್ರಮದ ಪ್ಯಾರಡಿಡಲ್ ಅವುಗಳಲ್ಲೊಂದು. ಮೃದಂಗ ಕಲಿಯುವವರಿಗೆ ಮೊದಲ ಪಾಠಗಳ ಸೊಲ್ಲುಗಳು ಹೇಗೋ ಪಾಶ್ಚಾತ್ಯ ಡೋಲುವಾದಕರಿಗೆ ಇವು ಹಾಗೆ. ಬಹುಪಾಲು ವಾದಕರು ಇವನ್ನು ಕಲಿಕೆಯ ಮೆಟ್ಟಿಲುಗಳೆಂದು ಬಗೆದು ದಾಟಿಹೋಗುತ್ತಾರೆ. ಗ್ಯಾಡ್ ಹಾಗೆ ದಾಟಿಹೋಗದೆ, ಒಂದೇ ಡೋಲಿಗೆಂದು ಹುಟ್ಟಿದ ಈ ಪಾಠಗಳನ್ನು ಇಡೀ ವಾದ್ಯಸಮೂಹಕ್ಕೆ ಹರಡಿದರು. ಒಂದು ಕೈಯ ಪೆಟ್ಟು ಹೈ-ಹ್ಯಾಟಿಗೆ, ಇನ್ನೊಂದು ಸ್ನೇರಿಗೆ, ನಡುವಿನದು ಬಾಸ್ ಡ್ರಮ್ಮಿಗೆ ಎಂಬಂತೆ ಹಂಚಿದಾಗ ಕವಾಯತಿನ ಪಾಠ ಕುಣಿತದ ನಡೆಯಾಗಿ ಮಾರ್ಪಡುತ್ತದೆ. ಟ್ಯಾಪ್ ನೃತ್ಯ ಕಾಲಿಗೆ ಕೊಟ್ಟ ಚುರುಕು ಇದಕ್ಕೆ ಸೇರಿ, ಕೈಕಾಲುಗಳು ಸೇರಿ ಒಂದೇ ವಾಕ್ಯ ನುಡಿಯುವ ಬಗೆ ಅವರಿಗೆ ಸಿದ್ಧಿಸಿತು.

1972ರಲ್ಲಿ ಬಾಸ್ ಗಿಟಾರ್ ವಾದಕ ಟೋನಿ ಲೆವಿನ್ ಮತ್ತು ಕೀಬೋರ್ಡ್ ವಾದಕ ಮೈಕ್ ಹೋಮ್ಸ್ ಅವರೊಂದಿಗೆ ಮೂವರ ತಂಡ ಕಟ್ಟಿ ನ್ಯೂಯಾರ್ಕಿಗೆ ಬಂದ ಗ್ಯಾಡ್, ಆ ತಂಡ ಬೇಗನೆ ಚದುರಿದ ಮೇಲೆ ಸೆಷನ್ ಕೆಲಸಕ್ಕೆ ಇಳಿದು, ಕೆಲವೇ ವರ್ಷಗಳಲ್ಲಿ ಆ ನಗರದ ಅತ್ಯಂತ ಬೇಡಿಕೆಯ ವಾದಕರಾದರು. ಇದೇ ಅವಧಿಯಲ್ಲಿ ಪಿಯಾನೊ ವಾದಕ ರಿಚರ್ಡ್ ಟೀ, ಗಿಟಾರ್ ವಾದಕರಾದ ಎರಿಕ್ ಗೇಲ್ ಮತ್ತು ಕಾರ್ನೆಲ್ ಡುಪ್ರೀ, ಬಾಸ್ ವಾದಕ ಗಾರ್ಡನ್ ಎಡ್ವರ್ಡ್ಸ್, ಇನ್ನೊಬ್ಬ ಡ್ರಮ್ಸ್ ವಾದಕ ಕ್ರಿಸ್ ಪಾರ್ಕರ್ ಸೇರಿದ ‘ಸ್ಟಫ್’ ತಂಡದಲ್ಲಿ ಅವರು ಮ್ಯಾನ್‌ಹಟನ್‌ನ ಮೈಕೆಲ್ಸ್ ಎಂಬ ಕ್ಲಬ್ಬಿನಲ್ಲಿ ನುಡಿಸುತ್ತಿದ್ದರು. ಹಗಲೆಲ್ಲ ಬೇರೆಯವರ ಹಾಡುಗಳಿಗೆ ದುಡಿದ ವಾದಕರು ರಾತ್ರಿ ತಮ್ಮ ಸಂತೋಷಕ್ಕಾಗಿ ಕೂಡುತ್ತಿದ್ದ ಈ ತಂಡದ ಸಂಗೀತದಲ್ಲಿ ಯಾರೂ ಮುಂದೆ ನಿಲ್ಲಲು ಹವಣಿಸುವುದಿಲ್ಲ. 1976ರಲ್ಲಿ ಹೊರಬಂದ ಇವರ ಮೊದಲ ಆಲ್ಬಮ್ ಕೇಳಿದರೆ, ಕಾಲಪ್ರಮಾಣವನ್ನು ಒಂದಿಷ್ಟೂ ಅವಸರಿಸದೆ, ಪೆಟ್ಟನ್ನು ಕೂದಲೆಳೆಯಷ್ಟು ಹಿಂದಕ್ಕೆ ಒರಗಿಸಿ ನುಡಿಸುವ ಗ್ಯಾಡ್ ಅವರ ಪ್ರಸಿದ್ಧ ನಡೆ ರೂಪುಗೊಂಡದ್ದು ಇಂಥ ಸಹವಾಸದಲ್ಲೇ ಎಂಬುದು ಮನವರಿಕೆಯಾಗುತ್ತದೆ.

ಗ್ಯಾಡ್ ಅವರ ಕೈಭಾಷೆ ಒಂದು ಹಾಡಿನ ಅರ್ಥವನ್ನೇ ಹೇಗೆ ರೂಪಿಸಬಲ್ಲುದು ಎಂಬುದಕ್ಕೆ ಪಾಲ್ ಸೈಮನ್ ಅವರ 1975ರ ‘ಫಿಫ್ಟಿ ವೇಸ್ ಟು ಲೀವ್ ಯುವರ್ ಲವರ್’ ಅತ್ಯುತ್ತಮ ನಿದರ್ಶನ. ‘ಸ್ಟಿಲ್ ಕ್ರೇಜಿ ಆಫ್ಟರ್ ಆಲ್ ದೀಸ್ ಇಯರ್ಸ್’ ಎಂಬ ಆಲ್ಬಮ್ಮಿನ ಈ ಹಾಡು 1976ರ ಫೆಬ್ರವರಿಯಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಹಾಡು ಶುರುವಾಗುವುದೇ ಡ್ರಮ್ಸ್‌ನಿಂದ. ಸ್ನೇರ್ ಡ್ರಮ್ಮಿನ ಮೇಲೆ ಸೇನಾ ಕವಾಯತನ್ನು ನೆನಪಿಸುವ, ಆದರೆ ಪಿಸುಮಾತಿನಷ್ಟು ಮೆಲ್ಲನೆಯ ಒಂದು ಸೊಲ್ಲುಕಟ್ಟು. ಅದರ ನಡುನಡುವೆ ಹೈ-ಹ್ಯಾಟ್ ಕ್ಷಣಮಾತ್ರ ತೆರೆದು ಮುಚ್ಚುವಾಗ ಹೊರಡುವ ಉಸಿರಿನಂಥ ದನಿ. ಸಾಲಿನ ಕೊನೆಗೆ ಬಿಗಿಯಾಗಿ ಸುತ್ತಿಕೊಳ್ಳುವ ಸಣ್ಣದೊಂದು ಉರುಳಿಕೆ. ಬಲಗೈ ವಾದಕರು ಸಾಮಾನ್ಯವಾಗಿ ಬಲಗೈಯಿಂದ ನುಡಿಸುವ ಹೈ-ಹ್ಯಾಟನ್ನು ಇಲ್ಲಿ ಗ್ಯಾಡ್ ಎಡಗೈಗೆ ವಹಿಸಿದ್ದಾರೆ. ಇದರಿಂದ ಬಲಗೈ ಸ್ನೇರ್ ಮತ್ತು ಟಾಮ್‌ಗಳ ಮೇಲೆ ಅಡ್ಡಿಯಿಲ್ಲದೆ ಓಡಾಡಲು ಬಿಡುವು ಸಿಕ್ಕಿದೆ. ಪ್ರಬಲವಾದ ಪೆಟ್ಟುಗಳ ನಡುವೆ ಕೇಳಿಸಿಯೂ ಕೇಳಿಸದಂತಿರುವ ಮೆಲುಪೆಟ್ಟುಗಳನ್ನು ತುಂಬುವ ಈ ಬಗೆಗೆ ವಾದಕರ ವಲಯದಲ್ಲಿ ಘೋಸ್ಟ್ ನೋಟ್ ಎಂಬ ಹೆಸರಿದೆ. ಇಡೀ ನಡೆಯ ಜೀವ ಇರುವುದು ಆ ಮೆಲುಪೆಟ್ಟುಗಳಲ್ಲಿ.

ಆದರೆ ಈ ನಡೆಯ ಶ್ರೇಷ್ಠತೆ ಅದರ ಕೌಶಲದಲ್ಲಿ ಮಾತ್ರ ಇಲ್ಲ. ಹಾಡಿನ ಚರಣಗಳಲ್ಲಿ ಸಂಬಂಧವೊಂದನ್ನು ಕಡಿದುಕೊಳ್ಳಲಾರದೆ ಒದ್ದಾಡುವ ಗಂಡಸಿಗೆ ಹೆಂಗಸೊಬ್ಬಳು ತಣ್ಣನೆಯ ದನಿಯಲ್ಲಿ ಬುದ್ಧಿ ಹೇಳುತ್ತಾಳೆ. ಮಾತಿನ ಹಿಂದೆ ಹೇಳದೇ ಉಳಿದದ್ದು ಬಹಳವಿದೆ. ಚರಣದುದ್ದಕ್ಕೂ ಮುಂದೆ ಹೆಜ್ಜೆಯಿಡಲು ಅಣಿಯಾಗಿ, ಆದರೆ ನಿಂತಲ್ಲೇ ಹೆಜ್ಜೆ ಹಾಕುತ್ತಿರುವಂತಿರುವ ಆ ಕವಾಯತಿನ ಲಯ ಆ ಮನಸ್ಸಿನ ತಡವರಿಕೆಗೆ ತಕ್ಕ ಒಡಲಾಗಿದೆ. ಪಲ್ಲವಿ ಬಂದೊಡನೆ ಗ್ಯಾಡ್ ಈ ಸೂಕ್ಷ್ಮ ಹೆಣಿಗೆಯನ್ನೆಲ್ಲ ಬಿಟ್ಟುಕೊಟ್ಟು, ನಾಲ್ಕು ಎಣಿಕೆಯ ಆವರ್ತದಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಸ್ನೇರ್ ಬಾರಿಸುವ, ಬ್ಯಾಕ್‌ಬೀಟ್ ಎನ್ನುವ ಅತಿ ಸರಳವಾದ ನಡೆಗೆ ಇಳಿಯುತ್ತಾರೆ. ಹೊರಟುಬಿಡುವ ದಾರಿಗಳನ್ನು ಒಂದೊಂದಾಗಿ ಪಟ್ಟಿ ಮಾಡುವ ಪಲ್ಲವಿಗೆ ಆ ಬಿಡುಗಡೆ ಬೇಕಿತ್ತು. ಚರಣದ ಜಾಣ್ಮೆಯನ್ನು ಪಲ್ಲವಿಗೂ ಮುಂದುವರಿಸಿದ್ದರೆ ಕೇಳುಗರು ವಾದಕನನ್ನು ಮೆಚ್ಚುತ್ತಿದ್ದರೇನೋ, ಹಾಡು ಮಾತ್ರ ಕುಸಿಯುತ್ತಿತ್ತು. ತನ್ನ ಅತ್ಯುತ್ತಮವಾದದ್ದನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರುವುದೇ ಗ್ಯಾಡ್ ಅವರ ಹಿರಿಮೆ ಎಂಬುದಕ್ಕೆ ಈ ಒಂದು ತಿರುವು ಸಾಕು.

ಇದಕ್ಕೆ ಎದುರು ತುದಿಯಲ್ಲಿ ನಿಲ್ಲುವುದು ಸ್ಟೀಲಿ ಡ್ಯಾನ್ ತಂಡದ 1977ರ ‘ಏಜಾ’. ವಾಲ್ಟರ್ ಬೆಕರ್ ಮತ್ತು ಡೊನಾಲ್ಡ್ ಫೇಗನ್ ಎಂಬಿಬ್ಬರು ರಚನಕಾರರು ಕಾಯಂ ವಾದಕರನ್ನು ಇಟ್ಟುಕೊಳ್ಳದೆ, ಪ್ರತಿ ಹಾಡಿಗೂ ಅದಕ್ಕೆ ಒಪ್ಪುವ ಸೆಷನ್ ವಾದಕರನ್ನು ಆರಿಸಿ, ತೃಪ್ತಿಯಾಗುವವರೆಗೆ ನುಡಿಸಿಸಿ, ಬೇಡವಾದುದನ್ನು ತಳ್ಳಿಹಾಕುವ ಕಟ್ಟುನಿಟ್ಟಿಗೆ ಹೆಸರಾದವರು. ‘ಏಜಾ’ ಎಂಬ ಅದೇ ಹೆಸರಿನ ಆಲ್ಬಮ್ಮಿನ ಏಳು ಹಾಡುಗಳಿಗೆ ಆರು ಮಂದಿ ಡ್ರಮ್ಸ್ ವಾದಕರು ದುಡಿದಿದ್ದಾರೆ. ಬರ್ನಾರ್ಡ್ ಪರ್ಡಿ, ಜಿಮ್ ಕೆಲ್ಟ್ನರ್, ರಿಕ್ ಮರೋಟ ಅವರಂಥ ಘಟಾನುಘಟಿಗಳ ನಡುವೆ ಗ್ಯಾಡ್ ಪಾಲಿಗೆ ಬಂದದ್ದು ಸುಮಾರು ಎಂಟು ನಿಮಿಷಗಳ ಶೀರ್ಷಿಕೆ ಗೀತೆ. ಹಲವು ಭಾಗಗಳಾಗಿ ಮುರಿದು ಸಾಗುವ ಆ ದೀರ್ಘ ರಚನೆಯನ್ನು ಸ್ವರಲಿಪಿ ನೋಡಿ ಅವರು ಒಂದೆರಡು ಯತ್ನಗಳಲ್ಲೇ ನುಡಿಸಿ ಮುಗಿಸಿದ್ದು ವಾದಕರ ನಡುವೆ ಇಂದಿಗೂ ಹೇಳಿಕೊಳ್ಳುವ ಸಂಗತಿ.

ಹಾಡಿನ ನಡುವೆ ವೇಯ್ನ್ ಶಾರ್ಟರ್ ಅವರ ಟೆನರ್ ಸ್ಯಾಕ್ಸೊಫೋನ್ ವಾದನ ಬರುತ್ತದೆ. ಅಲ್ಲಿಯವರೆಗೆ ನೆಲಕ್ಕಂಟಿ ನಡೆದ ಡ್ರಮ್ಸ್ ಆ ಘಟ್ಟದಲ್ಲಿ ತೆರೆದುಕೊಳ್ಳುತ್ತದೆ. ಮೊದಮೊದಲು ಸ್ಯಾಕ್ಸೊಫೋನಿನ ವಾಕ್ಯಗಳ ನಡುವಿನ ಬಿಡುವುಗಳಲ್ಲಿ ಸ್ನೇರಿನ ಚಿಕ್ಕ ಮಾತುಗಳು, ಆಮೇಲೆ ಟಾಮ್‌ಗಳ ಮೇಲೆ ಉರುಳುವ ಉದ್ದನೆಯ ಸಾಲುಗಳು, ಕೊನೆಗೆ ಸಿಂಬಲ್‌ಗಳ ಸ್ಫೋಟ ಎಂಬಂತೆ ಏರಿಕೆ ಇದೆ. ಹಾಡಿನ ಕೊನೆಯ ಭಾಗದಲ್ಲಿ ಉಳಿದ ವಾದ್ಯಗಳು ಒಂದೇ ಸ್ವರಸಮೂಹವನ್ನು ಆವರ್ತಿಸುತ್ತಿರುವಾಗ ಗ್ಯಾಡ್ ಮತ್ತೆ ಬಿಚ್ಚಿಕೊಳ್ಳುತ್ತಾರೆ. ಧ್ವನಿ ಮೆಲ್ಲಮೆಲ್ಲನೆ ಕ್ಷೀಣಿಸಿ ಹಾಡು ಮುಗಿಯುವವರೆಗೂ ಆ ವಾದನ ನಿಲ್ಲುವುದಿಲ್ಲ. ಇಷ್ಟೆಲ್ಲ ಅಬ್ಬರದಲ್ಲೂ ಗಮನಿಸಬೇಕಾದ ಸಂಗತಿಗಳು ಎರಡು. ಮೊದಲನೆಯದು, ಈ ಎಲ್ಲ ಸಾಲುಗಳೂ ಹುಟ್ಟಿರುವುದು ಅದೇ ರೂಡಿಮೆಂಟ್‌ಗಳ ಪಾಠದಿಂದ. ಸೈಮನ್ ಹಾಡಿನಲ್ಲಿ ಪಿಸುನುಡಿದ ಕೈಯೇ ಇಲ್ಲಿ ಗರ್ಜಿಸಿದೆ. ಎರಡನೆಯದು, ಎಷ್ಟೇ ಹೊರಳಿದರೂ ಒಳಗಿನ ಕಾಲಪ್ರಮಾಣ ಅಲುಗುವುದಿಲ್ಲ. ಕೇಳುಗರು ಕಣ್ಣುಮುಚ್ಚಿ ತಾಳ ಹಾಕುತ್ತ ಹೋದರೆ ಪ್ರತಿ ಹೊರಳೂ ಸಮಕ್ಕೆ ಬಂದು ಸೇರುವುದನ್ನು ಕಾಣಬಹುದು. ಆದ್ದರಿಂದಲೇ ಜಾಝ್ ಸ್ವಾತಂತ್ರ್ಯವನ್ನೂ ಸ್ಟುಡಿಯೊ ನಿಖರತೆಯನ್ನೂ ಒಟ್ಟಿಗೆ ಬಯಸಿದ ರಚನಕಾರರ ಕನಸು ಈ ಎಂಟು ನಿಮಿಷಗಳಲ್ಲಿ ಕೈಗೂಡಿತು.

ಮೂರನೆಯ ನಿದರ್ಶನ ಸೈಮನ್ ಅವರದೇ 1980ರ ‘ಲೇಟ್ ಇನ್ ದಿ ಈವ್ನಿಂಗ್’. 1960ರ ದಶಕದಲ್ಲಿ ಕ್ಯೂಬಾದಲ್ಲಿ ಪೆಲ್ಲೊ ಎಲ್ ಅಫ್ರೊಕಾನ್ ಎಂಬ ವಾದಕ, ಹಲವು ಡೋಲುಗಳ ಮೇಳಕ್ಕೆಂದು ಮೊಝಾಂಬಿಕ್ ಎಂಬ ಹೆಸರಿನ ನಡೆಯೊಂದನ್ನು ರೂಪಿಸಿದ್ದರು. ಅದು ನ್ಯೂಯಾರ್ಕಿನ ಲ್ಯಾಟಿನ್ ಸಂಗೀತಗಾರರ ಕೈಯಲ್ಲಿ, ಮುಖ್ಯವಾಗಿ ಎಡ್ಡಿ ಪಾಲ್ಮಿಯೆರಿ ಅವರ ತಂಡದಲ್ಲಿ, ಬೇರೊಂದು ರೂಪ ಪಡೆಯಿತು. ಗ್ಯಾಡ್ ಅದನ್ನು ಒಬ್ಬನೇ ನುಡಿಸಬಲ್ಲಂತೆ ಡ್ರಮ್ಸ್‌ಗೆ ಅಳವಡಿಸಿ, ಹಲವರ ಮೇಳದ ದಟ್ಟಣೆ ಬರಲೆಂದು ಒಂದೊಂದು ಕೈಯಲ್ಲಿ ಎರಡೆರಡು ಕೋಲು ಹಿಡಿದು ನುಡಿಸಿದರು. ನಾಲ್ಕು ಕೋಲುಗಳ ಪೆಟ್ಟಿನಲ್ಲಿ ಒಂದು ಕೋಲಿನ ಚೂಪು ಇರುವುದಿಲ್ಲ. ಬೀದಿಯ ಮೇಳದ ಹರವು ಇರುತ್ತದೆ. ಪರಕೀಯ ಪರಂಪರೆಯ ಲಯವನ್ನು ಅಲಂಕಾರವಾಗಿ ಅಂಟಿಸಿಕೊಳ್ಳುವುದು ಜನಪ್ರಿಯ ಸಂಗೀತದ ಹಳೆಯ ಚಾಳಿ. ಗ್ಯಾಡ್ ಅವರ ಅಳವಡಿಕೆ ಆ ಲಯದ ಒಳರಚನೆಯನ್ನು ಅರಗಿಸಿಕೊಂಡು ಹುಟ್ಟಿದ್ದರಿಂದ ಈ ಆಕ್ಷೇಪಕ್ಕೆ ಬಹುಮಟ್ಟಿಗೆ ಹೊರತಾಗಿದೆ. ಆದರೂ ಆ ನಡೆ ಡ್ರಮ್ಸ್ ಕಲಿಯುವವರ ಬಾಯಲ್ಲಿ ಕ್ಯೂಬಾದ ಮೂಲವಾದಕರ ಹೆಸರಿಗಿಂತ ಗ್ಯಾಡ್ ಹೆಸರಿನಲ್ಲೇ ಹೆಚ್ಚು ಪ್ರಚಾರವಾಯಿತೆಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು.

ಜಾಝ್ ಕ್ಷೇತ್ರದಲ್ಲಿ ಗ್ಯಾಡ್ ಅವರ ಮುಖ್ಯ ಸಂಬಂಧ ಪಿಯಾನೊ ವಾದಕ ಚಿಕ್ ಕೊರಿಯಾ ಅವರೊಂದಿಗೆ. 1976ರ ‘ದಿ ಲೆಪ್ರಕಾನ್’ ಮತ್ತು ‘ಮೈ ಸ್ಪ್ಯಾನಿಷ್ ಹಾರ್ಟ್’, 1978ರ ‘ಫ್ರೆಂಡ್ಸ್’, 1981ರ ‘ತ್ರೀ ಕ್ವಾರ್ಟೆಟ್ಸ್’ ಇವುಗಳಲ್ಲಿ ಕೊನೆಯದು ಹೆಚ್ಚು ತೂಕದ್ದು. ಮೈಕೆಲ್ ಬ್ರೆಕರ್ ಅವರ ಸ್ಯಾಕ್ಸೊಫೋನ್, ಎಡ್ಡಿ ಗೋಮೆಝ್ ಅವರ ಬಾಸ್ ಜೊತೆಗಿರುವ ಈ ಕೃತಿಯಲ್ಲಿ ವಾದ್ಯಗಳ ಶ್ರುತಿ ಎತ್ತರಗೊಂಡಿದೆ, ಸಿಂಬಲ್‌ಗಳ ಕೆಲಸ ಹಗುರಗೊಂಡಿದೆ, ಲಯ ಎಲ್ಲರ ನಡುವೆ ಹಂಚಿಹೋಗಿದೆ. ಜಾಝ್‌ನ ಜೀವಾಳವಾದ, ಜೋಡಿ ಪೆಟ್ಟುಗಳನ್ನು ಸಮನಾಗಿ ಒಡೆಯದೆ ಒಂದನ್ನು ಹಿಗ್ಗಿಸಿ ಇನ್ನೊಂದನ್ನು ಕುಗ್ಗಿಸುವ ಸ್ವಿಂಗ್ ಎಂಬ ತೂಗುನಡೆಯಲ್ಲಿ ಗ್ಯಾಡ್ ಅವರದು ಎಲ್ವಿನ್ ಜೋನ್ಸ್ ಅಥವಾ ಟೋನಿ ವಿಲಿಯಮ್ಸ್ ಅವರ ಹೊಯ್ಲಲ್ಲ. ಆ ಮಹನೀಯರು ಲಯವನ್ನು ಅಲೆಯಾಗಿ ಹರಿಯಬಿಟ್ಟರೆ ಗ್ಯಾಡ್ ಅದನ್ನು ಅಳೆದು ಹೆಣೆಯುತ್ತಾರೆ. ಕಟ್ಟಾ ಜಾಝ್ ರಸಿಕರಿಗೆ ಈ ಹೆಣಿಗೆ ತುಸು ಬಿಗಿ ಎನಿಸುವುದು ಸಹಜ. ಆದರೆ ಕೊರಿಯಾ ಅವರ ಕಡಿದು ನಿಲ್ಲಿಸಿದಂತಿರುವ ಸ್ವರವಾಕ್ಯಗಳಿಗೆ ಇಂಥ ಸ್ಪಷ್ಟ ಅಂಚಿನ ವಾದನವೇ ಒಪ್ಪುತ್ತದೆ ಎಂಬುದನ್ನು ‘ತ್ರೀ ಕ್ವಾರ್ಟೆಟ್ಸ್’ ಸಮರ್ಥಿಸುತ್ತದೆ.

ಇಂಥ ಎದ್ದುಕಾಣುವ ವಾದನಗಳಿಂದಲೇ ಗ್ಯಾಡ್ ಅವರನ್ನು ಅಳೆದರೆ ಅವರ ದುಡಿಮೆಯ ಬಹುಭಾಗ ಹೊರಗುಳಿಯುತ್ತದೆ. ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರ ‘ವೈನ್‌ಲೈಟ್’ ಆಲ್ಬಮ್ಮಿನಲ್ಲಿ ಬಿಲ್ ವಿದರ್ಸ್ ಹಾಡಿರುವ 1980ರ ‘ಜಸ್ಟ್ ದಿ ಟೂ ಆಫ್ ಅಸ್’ ಹಾಡಿನಲ್ಲಿ ಡ್ರಮ್ಸ್ ಗಮನ ಸೆಳೆಯುವುದೇ ಇಲ್ಲ. ಮಾರ್ಕಸ್ ಮಿಲ್ಲರ್ ಅವರ ಬಾಸ್ ಮತ್ತು ರಾಲ್ಫ್ ಮೆಕ್‌ಡೊನಾಲ್ಡ್ ಅವರ ತಾಳವಾದ್ಯಗಳಿಗೆ ಎಡೆಬಿಟ್ಟು, ಬಾಸ್ ಡ್ರಮ್, ಸ್ನೇರ್ ಮತ್ತು ಹೈ-ಹ್ಯಾಟ್ ಇಷ್ಟರಿಂದಲೇ ಗ್ಯಾಡ್ ಹಾಡಿನ ನೆಲ ಹಾಸಿದ್ದಾರೆ. ರಿಕಿ ಲೀ ಜೋನ್ಸ್ ಅವರ 1979ರ ‘ಚಕ್ ಈಸ್ ಇನ್ ಲವ್’ ಹಾಡಿನಲ್ಲಾದರೆ ಹಾಡುಗಾರ್ತಿ ಮಾತಿಗೂ ಹಾಡಿಗೂ ನಡುವಿನ ಧಾಟಿಯಲ್ಲಿ ಎಳೆದು, ತಡೆದು, ಜಿಗಿದು ಹಾಡುವಾಗ ಆ ಚೆಲ್ಲಾಟಕ್ಕೆ ಆಧಾರವಾಗಿ ನಿಲ್ಲುವ, ಬೇಕಾದಲ್ಲಿ ಅದರೊಂದಿಗೆ ಕಣ್ಣುಮಿಟುಕಿಸುವ ನಡೆ ಕೇಳಿಸುತ್ತದೆ. ಕರ್ನಾಟಕ ಸಂಗೀತದ ರಸಿಕರು ಉತ್ತಮ ಪಕ್ಕವಾದ್ಯವನ್ನು ಗುರುತಿಸುವ ಮಾನದಂಡವೂ ಇದೇ ಅಲ್ಲವೇ? ಕೃತಿಯ ಸಾಹಿತ್ಯ ಎಲ್ಲಿ ಉಸಿರೆಳೆಯುತ್ತದೆಂದು ತಿಳಿದು ಅಲ್ಲಿ ಕೈ ತಡೆಯುವ ಮೃದಂಗ ವಿದ್ವಾಂಸರನ್ನು ತನಿ ಆವರ್ತನದ ಆರ್ಭಟಕ್ಕಿಂತ ಮೇಲೆಂದು ಬಲ್ಲವರು ಬಗೆಯುತ್ತಾರೆ. ಗ್ಯಾಡ್ ಅವರ ವಾದನವನ್ನು ಕನ್ನಡದ ಕೇಳುಗರು ಈ ಕಿವಿಯಿಂದಲೇ ಕೇಳಿದರೆ ಅದರ ರುಚಿ ಬೇಗ ಹತ್ತುತ್ತದೆ.

1980ರಲ್ಲಿ ಮಾರುಕಟ್ಟೆಗೆ ಬಂದ ಲಿನ್ ಎಲ್‌ಎಂ-1ರಂಥ ಡ್ರಮ್ ಯಂತ್ರಗಳು ಸೆಷನ್ ವಾದಕರ ಅನ್ನಕ್ಕೇ ಕೈಹಾಕಿದವು. ಅದೇ ವರ್ಷದ ‘ಗೌಚೊ’ ಆಲ್ಬಮ್ಮಿಗಾಗಿ ಸ್ಟೀಲಿ ಡ್ಯಾನ್ ತಂಡದ ಧ್ವನಿತಂತ್ರಜ್ಞ ರಾಜರ್ ನಿಕೋಲ್ಸ್ ವಾದಕರ ಪೆಟ್ಟುಗಳನ್ನು ದಾಖಲಿಸಿಕೊಂಡು ಬೇಕಾದ ಕ್ಷಣಕ್ಕೆ ಕರಾರುವಾಕ್ಕಾಗಿ ಹೊರಡಿಸುವ ‘ವೆಂಡೆಲ್’ ಎಂಬ ಯಂತ್ರವನ್ನೇ ಕಟ್ಟಿದರು. ‘ಏಜಾ’ದ ಬಿಚ್ಚುಗೈ ವಾದನವನ್ನು ಬಯಸಿದ ರಚನಕಾರರು ಮೂರೇ ವರ್ಷಗಳಲ್ಲಿ ಯಂತ್ರದ ನಿಖರತೆಗೆ ಮನಸೋತದ್ದು ಆ ಕಾಲದ ದಿಕ್ಕನ್ನು ಸೂಚಿಸುತ್ತದೆ. ಮುಂದಿನ ದಶಕಗಳಲ್ಲಿ ಗ್ಯಾಡ್ ಅವರ ದುಡಿಮೆಯ ತೂಕ ಕ್ರಮೇಣ ಸ್ಟುಡಿಯೊದಿಂದ ವೇದಿಕೆಯತ್ತ ವಾಲಿತು. 1981ರ ಸೆಪ್ಟೆಂಬರ್ 19ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸೈಮನ್ ಮತ್ತು ಗಾರ್ಫಂಕಲ್ ಲಕ್ಷಾಂತರ ಜನರೆದುರು ಹಾಡಿದಾಗ ಗ್ರೇಡಿ ಟೇಟ್ ಅವರೊಂದಿಗೆ ಡ್ರಮ್ಸ್ ಹಂಚಿಕೊಂಡವರು ಗ್ಯಾಡ್. 1997ರಲ್ಲಿ ಕ್ಲ್ಯಾಪ್ಟನ್, ಮಾರ್ಕಸ್ ಮಿಲ್ಲರ್, ಜೋ ಸ್ಯಾಂಪಲ್, ಡೇವಿಡ್ ಸ್ಯಾನ್‌ಬಾರ್ನ್ ಸೇರಿದ ‘ಲೆಜೆಂಡ್ಸ್’ ತಂಡದಲ್ಲಿ ಯುರೋಪ್ ಸುತ್ತಿದರು. ಅಲ್ಲಿಂದ ಮುಂದೆ ಕ್ಲ್ಯಾಪ್ಟನ್ ಅವರ ‘ಪಿಲ್ಗ್ರಿಮ್’, ‘ರೆಪ್ಟೈಲ್’ ಆಲ್ಬಮ್‌ಗಳಲ್ಲಿಯೂ ಪ್ರವಾಸಗಳಲ್ಲಿಯೂ, ಹೊಸ ಶತಮಾನದಲ್ಲಿ ಜೇಮ್ಸ್ ಟೇಲರ್ ಅವರ ಪ್ರವಾಸಗಳಲ್ಲಿಯೂ ವರ್ಷಗಟ್ಟಲೆ ದುಡಿದರು. ಕ್ಲ್ಯಾಪ್ಟನ್ ಅವರ ಹಳೆಯ ಬ್ಲೂಸ್ ರಚನೆಗಳನ್ನು ವೇದಿಕೆಯಲ್ಲಿ ನುಡಿಸುವಾಗ ಅವರು ಪೆಟ್ಟಿನ ಭಾರವನ್ನು ಹೆಚ್ಚಿಸುವುದಕ್ಕಿಂತ ಪೆಟ್ಟುಗಳ ನಡುವಿನ ಅಂತರವನ್ನು ವಿಶಾಲವಾಗಿಸುತ್ತಾರೆ; ಹಾಡು ಅಷ್ಟರಮಟ್ಟಿಗೆ ದೊಡ್ಡ ಬಯಲಿಗೆ ತಕ್ಕ ಗಾತ್ರ ಪಡೆಯುತ್ತದೆ. ಟೇಲರ್ ಅವರ ಗಿಟಾರಿನ ನವಿರು ಮೀಟುಗಳ ಎದುರು ಕೋಲು ಬಿಟ್ಟು ತಂತಿಕುಂಚಗಳನ್ನು ಹಿಡಿದಾಗಲೂ ಕಾಲಪ್ರಮಾಣದ ಬಿಗಿ ಸಡಿಲುವುದಿಲ್ಲ.

ಅರವತ್ತೈದು ದಾಟಿದ ಮೇಲೆ ಅವರು ನುಡಿಸಿದ ಕೇಟ್ ಬುಷ್ ಅವರ 2011ರ ‘ಫಿಫ್ಟಿ ವರ್ಡ್ಸ್ ಫಾರ್ ಸ್ನೋ’ ಆಲ್ಬಮ್ಮಿಗೆ ಈ ವಿಮರ್ಶೆಯಲ್ಲಿ ವಿಶೇಷ ಸ್ಥಾನ ಸಲ್ಲಬೇಕು. ಹಿಮವನ್ನೇ ವಸ್ತುವಾಗುಳ್ಳ ಏಳು ನೀಳಗೀತೆಗಳಲ್ಲಿ ಪಿಯಾನೊ ಮತ್ತು ದನಿ ಬಹುಹೊತ್ತು ಒಂಟಿಯಾಗಿ ಸಾಗುತ್ತವೆ. ಡ್ರಮ್ಸ್ ಎಲ್ಲಿ ಪ್ರವೇಶಿಸಬೇಕು, ಪ್ರವೇಶಿಸಿದರೂ ಎಷ್ಟು ನುಡಿಯಬೇಕು ಎಂಬುದೇ ಇಲ್ಲಿನ ಸವಾಲು. ಗ್ಯಾಡ್ ತಾಳವನ್ನು ಹೊಡೆದು ತೋರಿಸದೆ, ಸಿಂಬಲ್‌ನ ಮೇಲುಜ್ಜುವಿಕೆಯಿಂದ, ಸ್ನೇರಿನ ಮಂದ ಸ್ಪರ್ಶದಿಂದ ಅದರ ಇರುವಿಕೆಯನ್ನು ಸೂಚಿಸುತ್ತಾರೆ. ಎಪ್ಪತ್ತರ ದಶಕದಲ್ಲಿ ಕೌಶಲದಿಂದ ಬೆರಗುಗೊಳಿಸಿದ ಕೈ ಇಲ್ಲಿ ಕೌಶಲವನ್ನು ಪೂರ್ತಿ ಅಡಗಿಸಿಕೊಂಡಿದೆ.

ಗ್ಯಾಡ್ ಅವರ ಮಿತಿಗಳನ್ನೂ ಅಷ್ಟೇ ನಿಷ್ಠುರವಾಗಿ ಗುರುತಿಸಬೇಕು. 1980ರ ದಶಕದ ‘ಗ್ಯಾಡ್ ಗ್ಯಾಂಗ್’, ಜೇಮ್ಸ್ ಟೇಲರ್ ಪ್ರವಾಸದ ಸಹವಾದಕರನ್ನೇ ಕೂಡಿಸಿಕೊಂಡು 2013ರ ‘ಗ್ಯಾಡಿಟ್ಯೂಡ್’ ಆಲ್ಬಮ್ಮಿನಿಂದ ಮೊದಲಾದ ‘ಸ್ಟೀವ್ ಗ್ಯಾಡ್ ಬ್ಯಾಂಡ್’ ಇವು ಅವರ ಮುಂದಾಳುತನದ ಪ್ರಯತ್ನಗಳು. ಎರಡನೆಯ ತಂಡದ 2018ರ ಆಲ್ಬಮ್ಮಿಗೆ ಗ್ರ್ಯಾಮಿ ಪ್ರಶಸ್ತಿಯೂ ಸಂದಿದೆ. ನುಡಿತದ ಮಟ್ಟದಲ್ಲಿ ಇವುಗಳಲ್ಲಿ ಕೊರತೆಯಿಲ್ಲ. ಆದರೆ ವಾದಕನನ್ನು ಕೆಣಕುವ, ಅವನಿಂದ ಹೊಸದನ್ನು ಹಿಂಡಿ ತೆಗೆಯುವ ರಚನೆಗಳು ಇಲ್ಲಿ ಕಡಿಮೆ. ಎಲ್ಲರೂ ಎಲ್ಲರಿಗೂ ಎಡೆಬಿಟ್ಟುಕೊಡುವ ಸೌಜನ್ಯ ಅಲ್ಲಲ್ಲಿ ಸಪ್ಪೆಯಾಗುತ್ತದೆ. ಸೈಮನ್, ಕೊರಿಯಾ, ಬೆಕರ್ ಮತ್ತು ಫೇಗನ್ ಅವರಂಥ ಹಠಮಾರಿ ರಚನಕಾರರು ಎದುರಿಗಿದ್ದಾಗ ಹೊರಹೊಮ್ಮಿದ ಶಕ್ತಿ, ತಾನೇ ನಾಯಕನಾದಾಗ ಅಷ್ಟು ತೀವ್ರವಾಗಿ ಕಾಣುವುದಿಲ್ಲ. ಇನ್ನೊಂದು ಮಾತು ಅವರ ಪ್ರಭಾವದ ಕುರಿತದ್ದು. ಎಪ್ಪತ್ತರ ದಶಕದ ಕೊನೆಗೆ ಅವರ ಒಣದನಿಯ ಟಾಮ್‌ಗಳು, ಕೈಕಾಲು ಹೆಣೆದ ತ್ರಿಶ್ರಗತಿಯ ಸಾಲುಗಳು, ಸ್ನೇರಿನ ಮೆಲುಪೆಟ್ಟುಗಳು ಒಂದು ತಲೆಮಾರಿನ ಅನುಕರಣೆಗೆ ವಸ್ತುವಾದವು. 1983ರ ‘ಅಪ್ ಕ್ಲೋಸ್’ ಎಂಬ ಬೋಧನ ವಿಡಿಯೊ ಈ ಕಲಿಕೆಯನ್ನು ಇನ್ನಷ್ಟು ಸುಲಭಗೊಳಿಸಿತು. ಡೇವ್ ವೆಕ್ಲ್ ಮತ್ತು ವಿನ್ನಿ ಕೊಲಾಯುಟಾ ಅವರಂಥ ಸಮರ್ಥರು ಆ ಪಾಠವನ್ನು ಅರಗಿಸಿಕೊಂಡು ತಮ್ಮ ದಾರಿ ಹಿಡಿದರೆ, ಅನೇಕರು ಸಾಲುಗಳನ್ನು ಕಲಿತು ಸಂಯಮವನ್ನು ಬಿಟ್ಟರು. ಅನುಕರಣೆ ಹೀಗೆ ಅರೆಯಾದದ್ದಕ್ಕೆ ಗ್ಯಾಡ್ ಹೊಣೆಯಲ್ಲ. ಆದರೆ ಅವರ ಕಲೆಯಲ್ಲಿ ಕಣ್ಣಿಗೆ ಕಾಣುವ ಭಾಗ ಯಾವುದು, ಕಾ​ಣದ ಭಾಗ ಯಾವುದು ಎಂಬುದನ್ನು ಈ ಅನುಕರಣೆಯೇ ಎತ್ತಿತೋರಿಸಿತು.

ಒಟ್ಟಾರೆಯಾಗಿ ನೋಡಿದಾಗ ಸ್ಟೀವ್ ಗ್ಯಾಡ್ ಅವರ ವೃತ್ತಿಜೀವನ ಬಹುಮುಖತೆಯ ಬಗ್ಗೆ ಪ್ರಚಲಿತವಿರುವ ಒಂದು ಕಲ್ಪನೆಯನ್ನು ತಿದ್ದುತ್ತದೆ. ಎಲ್ಲವನ್ನೂ ಮಾಡಬಲ್ಲವನಿಗೆ ತನ್ನದೆಂಬ ಮುಖವಿರುವುದಿಲ್ಲ, ತನ್ನದೆಂಬ ಮುಖವಿದ್ದವನು ಎಲ್ಲರೊಂದಿಗೂ ಹೊಂದಲಾರ ಎಂಬ ನಂಬಿಕೆಗೆ ಅವರ ಧ್ವನಿಮುದ್ರಣಗಳು ಉತ್ತರವಾಗಿವೆ. ಸೈಮನ್ ಹಾಡಿನ ಕವಾಯತು, ‘ಏಜಾ’ದ ಮಹಾಪೂರ, ‘ವೈನ್‌ಲೈಟ್’ನ ಸರಳ ನೆಲಗಟ್ಟು, ಬುಷ್ ಅವರ ಹಿಮಗೀತೆಗಳ ಮೆಲುಸ್ಪರ್ಶ ಇವೆಲ್ಲ ಒಂದೇ ಕೈಯಿಂದ ಬಂದವೆಂದು ತಿಳಿದ ಕಿವಿ ಗುರುತಿಸುತ್ತದೆ, ಆದರೂ ಪ್ರತಿಯೊಂದೂ ಆಯಾ ಹಾಡಿಗೇ ಸೇರಿದ್ದು, ಬೇರೆ ಕಡೆಗೆ ಎತ್ತಿಡಲಾಗದ್ದು. ನಾಯಕನಾಗಿ ಅವರ ಕೊಡುಗೆ ಮಧ್ಯಮ, ಜಾಝ್ ವಾದಕನಾಗಿ ಗಣ್ಯ, ಹಾಡಿನ ಜೊತೆಗಾರನಾಗಿ ಸರಿಸಾಟಿಯಿಲ್ಲದ್ದು ಎಂದು ತೀರ್ಮಾನಿಸಬಹುದು. ಜನಪ್ರಿಯ ಸಂಗೀತದ ವಿಮರ್ಶೆ ಹಾಡುಗಾರರ ಜೀವನಕಥೆಯನ್ನು ದಾಟಿ ನುಡಿಸಿದವರ ಕೈಗಳತ್ತ ಗಮನ ಹರಿಸಬೇಕಾದ ಅಗತ್ಯ ಇಂಥವರಿಂದ ಸ್ಪಷ್ಟವಾಗುತ್ತದೆ. ಕನ್ನಡ ಚಿತ್ರಗೀತೆಗಳಿಗೆ ನುಡಿಸಿದ, ಹೊದಿಕೆಯ ಮೇಲೆ ಹೆಸರು ಕಾಣದ ವಾದಕರ ಕೊಡುಗೆಯನ್ನೂ ಇದೇ ಶ್ರದ್ಧೆಯಿಂದ ದಾಖಲಿಸಿ, ಇದೇ ನಿಷ್ಠುರತೆಯಿಂದ ಬೆಲೆಗಟ್ಟುವ ಕೆಲಸ ನಮ್ಮ ವಿಮರ್ಶಕರಿಂದ ಆಗಬೇಕಾಗಿದೆ.